ಮನೆದೇವರು ಯಾವುದು ಎಂದು ಕೇಳುವವರು

ಹೆಸರು ಪ್ರಕಟಿಸಬಾರದೆಂದು ಕೋರಿ ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ: 'ನಾನು ರಾಯಚೂರು ಕಡೆಯವನು. ಬಾಡಿಗೆ ಮನೆ ಸಿಗಲೆಂದು ಜಾತಿ ಮುಚ್ಚಿಟ್ಟಿದ್ದೇನೆ. ಊರಿನಿಂದ ತಾಯಿ ಬಂದಾಗ, ಕೆಳಗಿನ ಮಾಲೀಕರೊಡನೆ ಹೆಚ್ಚು ಮಾತು ಬೇಡವೆಂದು ಹೇಳುತ್ತೇನೆ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಾನು ಮೋಸಗಾರನಾದೆನೇ? ಇದ್ದ ಹಾಗೆ ಇರುವುದನ್ನು ಕಲಿಯುವುದು ಹೇಗೆ?'

ಪ್ರಿಯ ಮಿತ್ರರೇ,

ಮುಚ್ಚಿಟ್ಟುಕೊಂಡು ಬದುಕುವುದು ಮನಸ್ಸನ್ನು ಸವೆಸುತ್ತದೆ, ಒಪ್ಪುತ್ತೇನೆ. ಆದರೆ ನಿಮ್ಮನ್ನು ನೀವೇ ಮೋಸಗಾರರೆಂದು ಕರೆದುಕೊಂಡದ್ದು ನನಗೆ ಸರಿಬರಲಿಲ್ಲ. ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟಿದ್ದಳು. ನೀವು ಮಾಲೀಕರಿಗೆ ಕೊಟ್ಟ ಮಾತು ತಿಂಗಳ ಬಾಡಿಗೆಯದಷ್ಟೇ. ಆ ಕಥೆಯಲ್ಲಿ ಸತ್ಯ ಗೆದ್ದದ್ದು ಹುಲಿಗೆ ನಾಚಿಕೆಯೆಂಬುದು ಇದ್ದುದರಿಂದ ಎಂಬುದನ್ನೂ ಮರೆಯಬೇಡಿ.

1917ರಲ್ಲಿ, ವಿದೇಶದಲ್ಲಿ ಓದಿ ಬಂದ ಅಂಬೇಡ್ಕರರು, ತಮ್ಮನ್ನು ಓದಿಸಿದ ಮಹಾರಾಜರ ಬರೋಡಾದಲ್ಲಿಯೇ ಇಳಿದುಕೊಳ್ಳಲು ಜಾಗವಿಲ್ಲದೆ, ಪಾರ್ಸಿ ಹೆಸರೊಂದನ್ನು ಇಟ್ಟುಕೊಂಡು ಪಾರ್ಸಿ ವಸತಿಗೃಹದ ಮಹಡಿಯಲ್ಲಿ ತಂಗಿದ್ದರು. ಸುತ್ತ ಮುರುಕು ಸಾಮಾನು, ಹಾರಾಡುವ ಬಾವಲಿಗಳು, ಗೇಣು ದೂರವೂ ಬೆಳಕು ಚೆಲ್ಲದ ಒಂದು ಲಾಟೀನು. 11ನೆಯ ದಿನ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಮೆಟ್ಟಿಲೇರಿ ಬಂದು, ಸಂಜೆಯೊಳಗೆ ಜಾಗ ಖಾಲಿ ಮಾಡಬೇಕೆಂದು ಗದರಿಸಿತು. ಊರಿನಲ್ಲಿದ್ದ ಸ್ನೇಹಿತರೂ ಆಸರೆ ಕೊಡಲಿಲ್ಲ. ಮುಂಬಯಿಯ ರೈಲಿನ ಹೊತ್ತಾಗುವ ತನಕ ಅವರು ಉದ್ಯಾನವೊಂದರಲ್ಲಿ ಕುಳಿತಿದ್ದರು. ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ. ಇದ್ದ ಹಾಗೆ ಇರುವುದನ್ನು ಅವರು ಕಲಿಯಬೇಕಿತ್ತೆಂದು ಇಂದು ಯಾರಾದರೂ ಹೇಳಿಯಾರೇ?

ಈಗ ದೊಣ್ಣೆಯ ಅಗತ್ಯವಿಲ್ಲ. 'ನಿಮ್ಮ ಮನೆದೇವರು ಯಾವುದು?', 'ನೀವು ವೆಜ್ಜೋ, ನಾನ್‌ವೆಜ್ಜೋ?' ಎಂಬ ನಯವಾದ ಪ್ರಶ್ನೆಗಳೇ ಸಾಕು. ಉತ್ತರ ಹಿಡಿಸದಿದ್ದರೆ, ಮನೆ ಆಗಲೇ ಬೇರೆಯವರಿಗೆ ಮಾತಾಗಿದೆ ಎನ್ನುತ್ತಾರೆ. ಟು-ಲೆಟ್ ಬೋರ್ಡು ಮಾತ್ರ ಗೇಟಿನಲ್ಲಿ ತೂಗಾಡುತ್ತಲೇ ಇರುತ್ತದೆ. ಹೀಗೆ ಕೇಳುವವರ ನಡುಮನೆಯ ಗೋಡೆಯ ಮೇಲೆ ಬಸವಣ್ಣನವರ ಪಟವಿರುವುದನ್ನೂ ನಾನು ಕಂಡಿದ್ದೇನೆ. ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸಿ ಅಲ್ಲಿ ಜಾತಿಯ ಅಡ್ಡಿ ಕೂಡದೆನ್ನುತ್ತದೆ. ಬಾಡಿಗೆ ಮನೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಇಷ್ಟಿದ್ದೂ ನಮ್ಮ ವ್ಯಕ್ತಿತ್ವ ವಿಕಸನದ ಭಾಷಣಕಾರರು ಮುಖವಾಡ ಕಳಚಿರೆಂದು ಉಪದೇಶಿಸುವುದು ಬಾಡಿಗೆದಾರರಿಗೇ ಹೊರತು ಮಾಲೀಕರಿಗಲ್ಲ. ಸ್ವಂತ ಮನೆಯಿದ್ದವರಿಗೆ ಪ್ರಾಮಾಣಿಕತೆ ಬಲು ಅಗ್ಗ.

ನಿಮ್ಮ ಮೇಲೆ ನನಗೆ ಸಿಟ್ಟು ಬಂದದ್ದು ಒಂದೇ ಕಡೆ. ಮುಚ್ಚಿಟ್ಟವರು ನೀವು, ಬಾಯಿ ಕಟ್ಟಿಸಿಕೊಂಡವರು ನಿಮ್ಮ ತಾಯಿ. ಮಗನ ಮನೆಗೆ ಬಂದ ಹಿರಿಯರು ಮೆಟ್ಟಿಲ ಬಳಿ ಕುಳಿತು ನಾಲ್ಕು ಮಾತಾಡಲೂ ಅಂಜಬೇಕೆಂದರೆ ಆ ಮನೆ ದುಬಾರಿಯಾಯಿತು. ಏನು ಹೇಳಬೇಕು, ಏನು ಬಿಡಬೇಕು ಎಂಬುದನ್ನು ಅವರೊಡನೆ ಕುಳಿತು ತೀರ್ಮಾನಿಸಿ, ಅವರಿಗೆ ಅಪ್ಪಣೆ ಕೊಡಬೇಡಿ.

ಮನೆ ಮಾಲೀಕರಲ್ಲೊಂದು ಕೋರಿಕೆ: ಬಾಡಿಗೆಗೆ ಬರುವವರ ಮನೆದೇವರನ್ನು ಏಕೆ ವಿಚಾರಿಸುತ್ತೀರಿ ಎಂಬುದನ್ನು ಬರೆದು ಕಳಿಸಿ. ಪತ್ರವನ್ನು ಹೆಸರು ಸಹಿತ ಪ್ರಕಟಿಸುತ್ತೇವೆ.

— ಸಂಪಾದಕ