ಮೂಕಿ ಕಾಲದ ವಿದ್ಯೆ ಟಾಕಿ ಬಂದ ಮೇಲೆ ಏನಾಯ್ತು?

"ಮೂಕಿ ಸಿನಿಮಾದಲ್ಲಿ ಪಳಗಿದ ಹಾಲಿವುಡ್ ನಿರ್ದೇಶಕರು ಮಾತು ಬಂದ ಮೇಲೆ ಹಳೆಯ ಕಸುಬನ್ನೆಲ್ಲ ಬಿಡಬೇಕಾಯ್ತಾ?" ಎಂದು ಕೇಳಿದ್ದೀರಿ.

ಇಲ್ಲ, ಒಳ್ಳೆಯವರು ಬಿಡಲಿಲ್ಲ. ನನಗೆ ತುಂಬ ಇಷ್ಟವಾದ ಕಿಂಗ್ ವಿಡೋರ್ ಅವರನ್ನೇ ನೋಡಿ.

1925ರಲ್ಲಿ ಅವರು ಎಂಜಿಎಂ ಸ್ಟುಡಿಯೋಗೆ 'ದಿ ಬಿಗ್ ಪರೇಡ್' ಮಾಡಿದರು. ಮೊದಲ ಮಹಾಯುದ್ಧದ ಕಥೆ. ಅಮೆರಿಕದ ಸೈನಿಕರು ಸಾಲಾಗಿ ಕಾಡಿನೊಳಗೆ ನಡೆದು ಹೋಗುತ್ತಾರೆ, ಎದುರಿಗೆ ಜರ್ಮನ್ ಗನ್ನುಗಳು. ಸೇನೆಯವರು ತೆಗೆದಿದ್ದ ರೀಲುಗಳನ್ನು ನೋಡುವಾಗ ವಿಡೋರ್‌ಗೆ ಒಂದು ಶವಯಾತ್ರೆಯ ನಡಿಗೆ ಮನಸ್ಸಿಗೆ ನಾಟಿತ್ತು. ಆ ಗತಿಗೆ ಮೆಟ್ರೊನೋಮ್ (ಟಿಕ್ ಟಿಕ್ ಎಂದು ತಾಳ ಹಾಕುವ ಯಂತ್ರ) ಇಟ್ಟರು. ಶೂಟಿಂಗ್ ಜಾಗದಲ್ಲಿ ದೊಡ್ಡ ಡ್ರಮ್ ಬಾರಿಸಿದರು. ಹೆಜ್ಜೆ ಇಡುವುದು, ತಲೆ ತಿರುಗಿಸುವುದು, ಗುಂಡು ತಗುಲಿ ಬೀಳುವುದು ಎಲ್ಲವೂ ಆ ತಾಳಕ್ಕೇ. ಥಿಯೇಟರಿನಲ್ಲಿ ಈ ದೃಶ್ಯ ಬಂದಾಗ, ಮೂಕಿ ಚಿತ್ರಕ್ಕೆ ಅಲ್ಲೇ ಕೂತು ಸಂಗೀತ ನುಡಿಸುತ್ತಿದ್ದ ಆರ್ಕೆಸ್ಟ್ರಾ ಸುಮ್ಮನಾಗಿ ಡ್ರಮ್ ಒಂದೇ ಕೇಳಿಸುತ್ತಿತ್ತು. ಇವತ್ತು ನೋಡಿದರೂ ಎದೆ ಬಿಗಿಯುತ್ತದೆ.

1928ರ 'ದಿ ಕ್ರೌಡ್' ಇನ್ನೂ ದೊಡ್ಡ ಸಾಧನೆ ಅಂತ ನನ್ನ ನಂಬಿಕೆ. ಇದರ ಹೀರೋ ಒಬ್ಬ ಗುಮಾಸ್ತ; ಆ ಪಾತ್ರಕ್ಕೆ ಎಕ್ಸ್‌ಟ್ರಾ ಆಗಿದ್ದ ಜೇಮ್ಸ್ ಮರ್ರೆ ಎಂಬ ನಟನನ್ನು ತೆಗೆದುಕೊಂಡರು. ನ್ಯೂಯಾರ್ಕ್ ಬೀದಿಗಳಲ್ಲಿ ಕ್ಯಾಮರಾ ಬಚ್ಚಿಟ್ಟು ನಿಜವಾದ ಜನಜಂಗುಳಿಯನ್ನು ತೆಗೆದರು. ಕ್ಯಾಮರಾ ಎತ್ತರದ ಕಟ್ಟಡವನ್ನು ಏರಿ, ಒಂದು ಕಿಟಕಿಯೊಳಗೆ ನುಗ್ಗಿ, ನೂರಾರು ಮೇಜುಗಳ ಮಧ್ಯೆ ನಮ್ಮ ಗುಮಾಸ್ತನನ್ನು ಹುಡುಕುವ ಶಾಟ್ ಇದೆಯಲ್ಲ, ಅಲ್ಲಿ ಕಟ್ಟಡ ನೆಲದ ಮೇಲೆ ಮಲಗಿಸಿದ್ದ ಮಾದರಿ! ಒಂದೇ ಒಂದು ಮಾತಿಲ್ಲದೆ ಅವನ ಬದುಕೆಲ್ಲ ಅರ್ಥವಾಗುತ್ತದೆ, ಅಲ್ವಾ?

ಆಮೇಲೆ ಮಾತು ಬಂತು. ಕ್ಯಾಮರಾದ ಗಲಾಟೆ ಮೈಕಿಗೆ ಕೇಳಬಾರದೆಂದು ಅದನ್ನು ಗೂಡಿನೊಳಗೆ ಕೂಡಿ ಹಾಕಿದರು. ನಟರು ಮೈಕ್ ಬಿಟ್ಟು ಅಲ್ಲಾಡುವ ಹಾಗಿರಲಿಲ್ಲ. ವಿಡೋರ್ ಇದಕ್ಕೆ ಬಗ್ಗಲಿಲ್ಲ. ಕಪ್ಪು ಕಲಾವಿದರೇ ತುಂಬಿದ್ದ 'ಹಲ್ಲೆಲೂಯ' (1929) ಚಿತ್ರದ ಹೊರಾಂಗಣ ದೃಶ್ಯಗಳನ್ನು ಟೆನೆಸಿ, ಅರ್ಕನ್ಸಾಗಳಲ್ಲಿ ಮೂಕಿಯ ಹಾಗೇ ತೆಗೆದು, ಆಮೇಲೆ ಶಬ್ದ ಸೇರಿಸಿದರು.

ನಿಮ್ಮ ಪ್ರಶ್ನೆಗೆ ನೇರ ಉತ್ತರ 1934ರ 'ಅವರ್ ಡೈಲಿ ಬ್ರೆಡ್'. ಸ್ಟುಡಿಯೋಗಳು ಬೇಡ ಎಂದ ಕಥೆಯಾದ್ದರಿಂದ ತಾವೇ ನಿರ್ಮಿಸಿದರು. ಮಳೆಯಿಲ್ಲದೆ ಮೆಕ್ಕೆಜೋಳ ಒಣಗುತ್ತಿದೆ, ಕೆಲಸ ಕಳೆದುಕೊಂಡು ಹಳ್ಳಿ ಸೇರಿದವರು ಕಾಲುವೆ ತೋಡುತ್ತಾರೆ. ಮತ್ತೆ ಅದೇ ಮೆಟ್ರೊನೋಮ್, ಅದೇ ಡ್ರಮ್! ಒಂದು, ಮೂರನೇ ಬಡಿತಕ್ಕೆ ಪಿಕಾಸಿ ನೆಲಕ್ಕೆ. ಎರಡಕ್ಕೆ ಸಲಿಕೆಯಲ್ಲಿ ಮಣ್ಣು ಬಾಚಬೇಕು, ನಾಲ್ಕಕ್ಕೆ ಎಸೆಯಬೇಕು. ಕೆಲಸ ಸಾಗಿದ ಹಾಗೆ ತಾಳವೂ ಜಾಸ್ತಿ ಜಾಸ್ತಿ ಚುರುಕಾಗುತ್ತದೆ. ಆಗ ಸ್ಥಳದಲ್ಲಿ ಶಬ್ದ ರೆಕಾರ್ಡ್ ಮಾಡಲೇ ಇಲ್ಲ.

ಇಂಥವರು ಐದು ಸಲ ಆಸ್ಕರ್‌ಗೆ ನಾಮಿನೇಟ್ ಆದರೂ ಒಂದು ಸಲವೂ ಗೆಲ್ಲಲಿಲ್ಲ, ನನಗೆ ಈಗಲೂ ಬೇಜಾರಿದೆ. 1979ರಲ್ಲಿ ಗೌರವ ಆಸ್ಕರ್ ಕೊಟ್ಟರು.

ನೀವು 'ದಿ ಬಿಗ್ ಪರೇಡ್'ನ ಕಾಡಿನ ನಡಿಗೆ ನೋಡಿ. ಅದರ ಬೆನ್ನಿಗೇ ಕಾಲುವೆಯ ದೃಶ್ಯವನ್ನು ಸೌಂಡ್ ತೆಗೆದು ನೋಡಿ. ತಾಳ ಕಣ್ಣಿಗೇ ಸಿಗುತ್ತದೆ.