ನೆನಪು ಕೆದಕಬೇಡಿ ಎಂದ ಮೇಷ್ಟ್ರಿಗೆ

ಪ್ರಿಯ ಮೇಷ್ಟ್ರೇ,

ಅಪ್ಪ ಅಮ್ಮ ಜೊತೆಗಿಲ್ಲದೆ ಗಡಿ ದಾಟಿ ಬರುವ ನಿರಾಶ್ರಿತ ಮಕ್ಕಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ಈ ಮಕ್ಕಳಿಗೆ ಊಟ, ಸೂರು, ಶಾಲೆ ಸಿಕ್ಕರೆ ಸಾಕು ಎನ್ನುತ್ತೀರಿ. ಮನೋವೈದ್ಯರ ಮುಂದೆ ಕೂರಿಸಿ ಹಳೆಯದನ್ನು ಕೆದಕಿದರೆ ನೋವು ಜಾಸ್ತಿಯಾಗುತ್ತದೆ, ಚಿಕ್ಕ ವಯಸ್ಸು, ತಾವಾಗಿಯೇ ಮರೆಯುತ್ತಾರೆ ಎಂದೂ ಬರೆದಿದ್ದೀರಿ. ಕೊನೆಯಲ್ಲಿ ಕೇಳಿದ್ದೀರಿ: ಡಾಕ್ಟರಲ್ಲದ ಒಬ್ಬ ಶಿಕ್ಷಕ ಇಂಥ ಮಗುವಿಗೆ ಏನು ಮಾಡಬಹುದು?

ನಿಮ್ಮ ಮೊದಲ ಮಾತನ್ನು ನಾನು ಒಪ್ಪುತ್ತೇನೆ. ಹೊಟ್ಟೆ ತುಂಬಿ, ಭಯವಿಲ್ಲದೆ ಮಲಗಲು ಜಾಗ ಸಿಗುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಘಟನೆ ನಡೆದ ಕೂಡಲೇ ಎಲ್ಲವನ್ನೂ ಹೇಳಿಸಿಬಿಡುವ ಪದ್ಧತಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಬಂದಿಳಿದ ವಾರದಲ್ಲೇ ಮಗುವನ್ನು ಕೂರಿಸಿ "ಏನೇನಾಯಿತು ಹೇಳು" ಅನ್ನುವುದು ಖಂಡಿತ ತಪ್ಪು.

ಆದರೆ "ತಾವಾಗಿಯೇ ಮರೆಯುತ್ತಾರೆ" ಎಂಬುದನ್ನು ಒಪ್ಪಲಾರೆ. ಎಷ್ಟೋ ಮಕ್ಕಳು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ, ನಿಜ. ಉಳಿದವರಿಗೆ ವರ್ಷಗಳು ಕಳೆದರೂ ಆ ನೋವು ಹೋಗುವುದಿಲ್ಲ. ಆಪತ್ತು ಮುಗಿದಿದೆ ಎಂಬುದು ಅವರ ದೇಹಕ್ಕೆ ಇನ್ನೂ ಗೊತ್ತಾಗಿರುವುದಿಲ್ಲ. ಬಾಗಿಲು ದಢಾರನೆ ಬಡಿದರೆ ಬೆಚ್ಚುತ್ತಾರೆ. ಕೆಟ್ಟ ಕನಸಿಗೆ ಹೆದರಿ ಬೆಳಗಿನ ಜಾವದವರೆಗೆ ಎಚ್ಚರವಿರುತ್ತಾರೆ, ಆಮೇಲೆ ತರಗತಿಯಲ್ಲಿ ತೂಕಡಿಸುತ್ತಾರೆ. ಕಾರಣವಿಲ್ಲದ ತಲೆನೋವು, ಹೊಟ್ಟೆನೋವು, ಥಟ್ಟನೆ ಬರುವ ಸಿಟ್ಟು. ಇದನ್ನು ಸೋಮಾರಿತನ, ಉಡಾಫೆ ಅಂತ ತಿಳಿಯುವುದು ಎಷ್ಟು ಸುಲಭ, ಅಲ್ವಾ?

ಮನೆಯವರು ಜೊತೆಗಿಲ್ಲದಿದ್ದರೆ ಭಾರ ಇನ್ನೂ ಹೆಚ್ಚು. ಕುಟುಂಬದ ಜೊತೆ ಬಂದ ಮಕ್ಕಳಿಗಿಂತ ಒಂಟಿಯಾಗಿ ಬಂದವರಲ್ಲಿ ಈ ತೊಂದರೆ ಜಾಸ್ತಿ ಎಂದು ಯುರೋಪಿನ ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನಲ್ಲಿ ಶಿಶುವಿಹಾರ ನಡೆಸುತ್ತಿದ್ದ ಅನ್ನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗ್‌ಹ್ಯಾಮ್ ಕೂಡ ಇದನ್ನು ಗಮನಿಸಿದ್ದರು. ಬಾಂಬಿಗಿಂತ ತಾಯಿಯಿಂದ ದೂರವಾದದ್ದೇ ಪುಟ್ಟ ಮಕ್ಕಳನ್ನು ಹೆಚ್ಚು ಕಂಗೆಡಿಸಿತ್ತು. 1945ರಲ್ಲಿ ತೆರೇಸಿಯನ್‌ಷ್ಟಾಟ್‌ನ ನಾಜಿ ಶಿಬಿರದಲ್ಲಿ ಬದುಕುಳಿದ ಆರು ಮಕ್ಕಳು ಇಂಗ್ಲೆಂಡಿಗೆ ಬಂದರು. ಎಲ್ಲರಿಗೂ ಮೂರು ವರ್ಷದ ಆಸುಪಾಸು, ಹೆತ್ತವರು ಇಲ್ಲ. ದೊಡ್ಡವರನ್ನು ಹತ್ತಿರ ಸೇರಿಸುತ್ತಿರಲಿಲ್ಲ, ಒಬ್ಬರನ್ನೊಬ್ಬರು ಮಾತ್ರ ಬಿಟ್ಟಿರುತ್ತಿರಲಿಲ್ಲ. ಅನ್ನಾ ಫ್ರಾಯ್ಡ್ ಆ ಗುಂಪನ್ನು ಒಡೆಯಲಿಲ್ಲ. ಇಂದು ದಾರಿಯಲ್ಲಿ ಜೊತೆಯಾದ ಗೆಳೆಯರನ್ನು ಜಾಗವಿಲ್ಲವೆಂದು ಬೇರೆ ಬೇರೆ ಊರಿಗೆ ಕಳಿಸುವ ಅಧಿಕಾರಿಗಳು ಇದನ್ನು ಓದಬೇಕು.

ಈಗ ಕೆದಕುವ ವಿಷಯ. ಒಳ್ಳೆಯ ಚಿಕಿತ್ಸೆಯಲ್ಲಿ ಯಾರೂ ಸುಮ್ನೆ ಕೆದಕುವುದಿಲ್ಲ. ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದವರು ರೂಪಿಸಿದ ಕಿಡ್‌ನೆಟ್ ಎಂಬ ವಿಧಾನ ನೋಡಿ. ನೆಲದ ಮೇಲೆ ಒಂದು ಹಗ್ಗ ಹಾಸುತ್ತಾರೆ. ಅದೇ ಮಗುವಿನ ಬದುಕು. ಒಳ್ಳೆಯ ದಿನಗಳಿಗೆ ಹೂವು, ಕೆಟ್ಟ ದಿನಗಳಿಗೆ ಕಲ್ಲು ಇಡುತ್ತಾರೆ. ಆಮೇಲೆ ಹುಟ್ಟಿದಾಗಿನಿಂದ ಒಂದೊಂದಾಗಿ ಕತೆ ಹೇಳಿಸುತ್ತಾರೆ, ಮಗು ತಡೆದುಕೊಳ್ಳುವಷ್ಟೇ ವೇಗದಲ್ಲಿ. ಚೆಲ್ಲಾಪಿಲ್ಲಿಯಾಗಿ ನುಗ್ಗುತ್ತಿದ್ದ ನೆನಪುಗಳಿಗೆ ಆಗ ಒಂದು ಕಾಲ, ಒಂದು ಜಾಗ ಸಿಗುತ್ತದೆ. ಹೂವುಗಳೂ ಇದ್ದವು ಎಂಬುದು ಮಗುವಿಗೆ ನೆನಪಾಗುವುದು ನನಗೆ ಬಹಳ ಮುಖ್ಯ ಅನಿಸುತ್ತದೆ. ನಾರ್ವೆಯ ಬರ್ಗೆನ್‌ನಲ್ಲಿರುವ ಮಕ್ಕಳು ಮತ್ತು ಯುದ್ಧ ಪ್ರತಿಷ್ಠಾನದ್ದು ಇನ್ನೊಂದು ದಾರಿ. ಕೆಟ್ಟ ಕನಸು, ನಿದ್ದೆ, ನುಗ್ಗಿ ಬರುವ ಚಿತ್ರಗಳನ್ನು ಹೇಗೆ ಸಂಭಾಳಿಸಬೇಕೆಂದು ಮಕ್ಕಳಿಗೆ ಗುಂಪಿನಲ್ಲಿ ಕಲಿಸುತ್ತಾರೆ. ಇದನ್ನು ನಡೆಸಲು ಮನೋವೈದ್ಯರೇ ಆಗಬೇಕಿಲ್ಲ, ತರಬೇತಿ ಪಡೆದ ಶಿಕ್ಷಕರೂ ನಡೆಸಬಹುದು.

ಮಕ್ಕಳ ಕತೆಯನ್ನು ನಿಜವಾಗಿ ಕೆದಕುವವರು ಬೇರೆ ಇದ್ದಾರೆ, ಮೇಷ್ಟ್ರೇ. ಆಶ್ರಯ ಬೇಕಾದರೆ ಮಗು ಅದನ್ನು ಅಧಿಕಾರಿಗಳ ಮುಂದೆ ಹೇಳಲೇಬೇಕು. ನಂಬಿಸುವ ಭಾರವೂ ಅದರದ್ದೇ. ಆಘಾತಗೊಂಡ ಮನಸ್ಸಿನಲ್ಲಿ ತಾರೀಖು ಅದಲುಬದಲಾಗುತ್ತದೆ, ಅದನ್ನೇ ಸುಳ್ಳೆನ್ನುವುದುಂಟು. ವಯಸ್ಸಿನ ಬಗ್ಗೆ ಅನುಮಾನ ಬಂದರೆ ಮಣಿಕಟ್ಟಿನ ಎಕ್ಸ್‌ರೇ. ಅದರಿಂದ ವಯಸ್ಸು ನಿಖರವಾಗಿ ಸಿಗುವುದಿಲ್ಲ, ಒಂದೆರಡು ವರ್ಷ ಆಚೀಚೆ ಆಗಬಹುದು. ಹದಿನೆಂಟು ತುಂಬಿದರೆ ಮಗುವಲ್ಲ ಎನ್ನುತ್ತಾರೆ; ಹದಿನೇಳೋ ಹತ್ತೊಂಬತ್ತೋ ಎಂಬುದರ ಮೇಲೆ ಎಲ್ಲವೂ ನಿಂತಿರುವಾಗ ಇದು ಅನ್ಯಾಯ. 2015ರಲ್ಲಿ ಸ್ವೀಡನ್ ಒಂದರಲ್ಲೇ ಸುಮಾರು 35,000 ಮಕ್ಕಳು ಒಂಟಿಯಾಗಿ ಬಂದು ಆಶ್ರಯ ಕೇಳಿದರು. ಹೆಚ್ಚಿನವರು ಅಫ್ಘಾನಿಸ್ತಾನದವರು. ಮರುವರ್ಷ ಅಲ್ಲಿ ಕಾನೂನು ಬಿಗಿಯಾಗಿ, ಅಲ್ಲಿ ನೆಲೆಸಲು ತಾತ್ಕಾಲಿಕ ಪರವಾನಗಿಯೇ ವಾಡಿಕೆಯಾಯಿತು. ನಾಳೆ ಇಲ್ಲಿರುತ್ತೇನೋ ಇಲ್ಲವೋ ಗೊತ್ತಿಲ್ಲದ ಹುಡುಗನಿಗೆ "ನೀನೀಗ ಸುರಕ್ಷಿತ" ಎಂದು ಯಾವ ಬಾಯಲ್ಲಿ ಹೇಳುವುದು?

ಆದ್ದರಿಂದ ಔಷಧಿ, ಮಾತಿನ ಚಿಕಿತ್ಸೆಗಳಷ್ಟೇ ಜೋರಾಗಿ ನಾವು ಕೇಳಬೇಕಾದದ್ದು ಬೇಗನೆ ಬರುವ ತೀರ್ಮಾನವನ್ನು, ಜೊತೆ ನಿಲ್ಲುವ ಒಬ್ಬ ಹಿರಿಯರನ್ನು. ನೆದರ್‌ಲ್ಯಾಂಡ್ಸ್‌ನಲ್ಲಿ ನಿಡೋಸ್ ಎಂಬ ಸಂಸ್ಥೆ ಇಂಥ ಮಕ್ಕಳ ಪಾಲಕತ್ವ ವಹಿಸುತ್ತದೆ. ಇಟಲಿಯಲ್ಲಿ 2017ರ ಕಾನೂನಿನಂತೆ ತರಬೇತಿ ಪಡೆದ ಸಾಮಾನ್ಯ ನಾಗರಿಕರು ಸ್ವಇಚ್ಛೆಯಿಂದ ಪಾಲಕರಾಗಬಹುದು. ಇದು ದಯೆಯ ಮಾತಲ್ಲ. ಯುದ್ಧ, ಹಿಂಸೆಗೆ ಸಿಕ್ಕ ಮಗು ಚೇತರಿಸಿಕೊಳ್ಳಲು ನೆರವು ಕೊಡುವುದು ಸರ್ಕಾರದ ಹೊಣೆ ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 39ನೇ ವಿಧಿ ಹೇಳುತ್ತದೆ.

ಇನ್ನು ಶಿಕ್ಷಕರ ವಿಷಯ. ಪ್ರತಿದಿನ ಅದೇ ಮುಖ, ಅದೇ ವೇಳೆ, ಅದೇ ಬೆಂಚು ಇರುವಂತೆ ನೋಡಿಕೊಳ್ಳಿ. ಬದಲಾವಣೆ ಇದ್ದರೆ ಮೊದಲೇ ತಿಳಿಸಿ. ಬಾಗಿಲ ಹತ್ತಿರ ಕೂರುತ್ತೇನೆ ಎಂದರೆ ಕೂರಲಿ. ಮನೆಯವರ ಬಗ್ಗೆ ಪ್ರಬಂಧ ಬರೆಸುವಾಗ ಬೇರೊಂದು ವಿಷಯವನ್ನೂ ಕೊಡಿ. ಅವನಾಗಿ ಹೇಳಲು ಬಂದರೆ ಕೇಳಿ, ಬಾಯಿ ಬಿಡಿಸಬೇಡಿ. ಅವನ ಭಾಷೆ ಬಾರದಿದ್ದರೆ ದುಭಾಷಿಯನ್ನು ಕರೆಸಿ, ಇನ್ನೊಬ್ಬ ಹುಡುಗನಿಂದ ಅನುವಾದ ಮಾಡಿಸಬೇಡಿ. ಸಾಯುವ ಮಾತು ಬಂದರೆ, ಅಥವಾ ತಿಂಗಳುಗಟ್ಟಲೆ ನಿದ್ದೆ ಬರದಿದ್ದರೆ, ತಡಮಾಡದೆ ಮಾನಸಿಕ ಆರೋಗ್ಯ ತಜ್ಞರ ಬಳಿ ಕರೆದೊಯ್ಯಿರಿ. ಮೊದಲ ಸಲ ನೀವೂ ಜೊತೆಗೆ ಹೋಗಿ. ಗೊತ್ತಿರುವವರು ಒಬ್ಬರು ಹೊರಗೆ ಕಾಯುತ್ತಿದ್ದರೆ, ಎರಡನೇ ಸಲ ಬರಲು ಅವನು ಒಪ್ಪಬಹುದು.

— ಸಂಪಾದಕ