ರಂಜೀತ್ ಸಿಂಗನ ಸಾವಿರ ಕ್ಷಮೆ

‘ಮೈಂಡ್ ಯುವರ್ ಲಾಂಗ್ವೇಜ್ ಧಾರಾವಾಹಿಯನ್ನು ನಮ್ಮ ಮನೆಯವರೆಲ್ಲ ಬಿದ್ದು ಬಿದ್ದು ನಕ್ಕು ನೋಡಿದ್ದೇವೆ. ಈಗ ಅದನ್ನು ಜನಾಂಗೀಯ ನಿಂದನೆ ಎನ್ನುತ್ತಾರೆ. ನಾವು ನಕ್ಕಿದ್ದು ತಪ್ಪೇ?’ ಎಂದು ಕೇಳಿದ್ದೀರಿ. ತಪ್ಪಾಗಿದ್ದರೆ ನಾನು ನಿಮಗಿಂತ ದೊಡ್ಡ ತಪ್ಪಿತಸ್ಥ. ಯಾವ ಮಾತಿಗೆ ಯಾರ ಹುಬ್ಬು ಮೇಲೇರುತ್ತದೆ ಎಂಬುದೂ ಬಾಯಿಪಾಠವಾಗುವಷ್ಟು ಸಲ ನೋಡಿದ್ದೇನೆ. ಅದರದೇ ಒಂದು ಮಾತನ್ನು ಆಡಬಾರದ ಕಡೆ ಆಡಿ ತಲೆ ತಗ್ಗಿಸಿಯೂ ಇದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ನೋಡದವರಿಗಾಗಿ ಎರಡು ಮಾತು. ಲಂಡನ್ನಿನ ಒಂದು ಶಾಲೆಯಲ್ಲಿ ಸಂಜೆಯ ಹೊತ್ತು ಪರದೇಶದವರಿಗೆ ಇಂಗ್ಲಿಷ್ ಕಲಿಸುತ್ತಾರೆ. ಹಿಂದಿನ ಮೇಷ್ಟರಿಗೆ ಈ ವಿದ್ಯಾರ್ಥಿಗಳಿಂದಾಗಿ ತಲೆ ಕೆಟ್ಟುಹೋದ ಮೇಲೆ ಜೆರೆಮಿ ಬ್ರೌನ್ ಎಂಬ ಸಾಧು ಸ್ವಭಾವದ ಯುವಕ ಕೆಲಸಕ್ಕೆ ಬರುತ್ತಾನೆ. ಬೆಂಚುಗಳ ಮೇಲೆ ಇಟಲಿಯ ಜೊವಾನಿ, ಗ್ರೀಸಿನ ಮ್ಯಾಕ್ಸ್, ಫ್ರಾನ್ಸಿನ ಡ್ಯಾನಿಯೆಲ್, ಜರ್ಮನಿಯ ಅನ್ನಾ, ಸ್ಪೇನಿನ ಹುವಾನ್, ಮಾವೊನ ಕೆಂಪು ಪುಸ್ತಕ ಹಿಡಿದ ಚೀನಾದ ಸು ಲೀ, ಮಾತುಮಾತಿಗೂ ಬಾಗಿ ನಮಸ್ಕರಿಸುವ ಜಪಾನಿನ ತಾರೊ, ಪಾಕಿಸ್ತಾನದ ಅಲಿ ನದೀಮ್, ಕೈಮುಗಿದು ‘ಸಾವಿರ ಕ್ಷಮೆ’ ಕೇಳುವ ಪಂಜಾಬಿನ ರಂಜೀತ್ ಸಿಂಗ್, ಪಾಠ ನಡೆಯುವಾಗ ಉಲ್ಲನ್ ಹೆಣೆಯುತ್ತ ಕೂರುವ ಜಮೀಲಾ. ವಿನ್ಸ್ ಪೊವೆಲ್ ಬರೆದ ಇದು ಬ್ರಿಟನ್ನಿನ ಐಟಿವಿಯಲ್ಲಿ 1977ರ ಡಿಸೆಂಬರ್ ಕೊನೆಗೆ ಶುರುವಾಯಿತು. 29 ಕಂತುಗಳಾದ ಮೇಲೆ 1979ರಲ್ಲಿ ನಿಂತಿತು. ನೋಡುವವರು ಕಡಿಮೆಯಾಗಿ ನಿಂತದ್ದಲ್ಲ. ಅದನ್ನು ತಯಾರಿಸುತ್ತಿದ್ದ ಲಂಡನ್ ವೀಕೆಂಡ್ ಟೆಲಿವಿಷನ್ನಿನ ಅಧಿಕಾರಿ ಮೈಕೆಲ್ ಗ್ರೇಡ್ ಅವರಿಗೆ ಜನಾಂಗಗಳನ್ನು ಹೀಗೆ ಅಚ್ಚಿಗೆ ಹಾಕಿ ತೋರಿಸುವುದು ಅಸಹ್ಯವೆನಿಸಿತು. ಅಂದರೆ ‘ಈಗ’ ಯಾರೋ ತಕರಾರು ತೆಗೆದದ್ದಲ್ಲ ಇದು. ಆಗಲೇ, ಅದರ ಮನೆಯೊಳಗೇ ಎದ್ದ ತಕರಾರು. ಕಾಲ ಕೆಟ್ಟಿದೆ, ಇಂದಿನವರಿಗೆ ಹಾಸ್ಯ ತಿಳಿಯುವುದಿಲ್ಲ ಎಂದು ಗೊಣಗುವ ನಮ್ಮ ವಯಸ್ಸಿನವರು ಈ ಇಸವಿಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ನನಗೆ ಅದು ಸಿಕ್ಕಿದ್ದು ಇಪ್ಪತ್ತು ವರ್ಷ ತಡವಾಗಿ. ಹತ್ತನೆಯ ತರಗತಿಯವರೆಗೆ ಅರಸೀಕೆರೆಯ ಹತ್ತಿರದ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ದಿನ ಇಂಗ್ಲಿಷಿನ ಪಾಠ ತಲೆಯ ಮೇಲೆ ಹಾರಿಹೋಯಿತು. ಕೆಳಗಿಳಿಯಲು ಎರಡು ವರ್ಷ ಬೇಕಾಯಿತು. 1998ರಲ್ಲಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದು ರಾಜಾಜಿನಗರದಲ್ಲಿ ಒಂದು ಕಾಂಡಿಮೆಂಟ್ಸ್ ಅಂಗಡಿಯ ಮೇಲಿನ ಮಹಡಿಯ ಇಂಗ್ಲಿಷ್ ಮಾತಿನ ತರಗತಿಗೆ ಸೇರಿದೆ. ಸಂಜೆ ಏಳರಿಂದ ಎಂಟೂವರೆ. ಕೆಳಗಿನಿಂದ ಕರಿದ ಎಣ್ಣೆಯ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಬಟ್ಟೆ ಅಂಗಡಿಯ ಸೇಲ್ಸ್‌ಮನ್, ಹಿಂದೆ ಹುಬ್ಬಳ್ಳಿಯ ಟೆಂಪೊ ಮಾಲೀಕ, ಮುಂದಿನ ಬೆಂಚಿನಲ್ಲಿ ಒಬ್ಬ ಪೊಲೀಸ್ ಪೇದೆ.

ಒಂದು ಸಂಜೆ ಆ ಪೇದೆ ಎದ್ದು ನಿಂತು ಕೇಳಿದರು: “ಸಾರ್, ‘ನೀವು ನಿಮ್ಮ ತಂದೆಗೆ ಎಷ್ಟನೆಯ ಮಗ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಕೇಳುವುದು? ಠಾಣೆಯಲ್ಲಿ ದಿನವೂ ಕೇಳಬೇಕಾಗುತ್ತದೆ.” ಮೇಷ್ಟರು ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿದರು. ಒಂದು ವಾಕ್ಯ ಬರೆದು ಅಳಿಸಿದರು, ಇನ್ನೊಂದು ಬರೆದು ಅದನ್ನೂ ಅಳಿಸಿದರು. ‘ಎಷ್ಟನೆಯ’ ಎಂಬ ಪುಟ್ಟ ಪದಕ್ಕೆ ಸರಿಸಮನಾದದ್ದು ಇಂಗ್ಲಿಷಿನಲ್ಲಿ ಇಲ್ಲ. ಕೊನೆಗೆ ಕೈ ಒರೆಸಿಕೊಂಡು, “ಇಂಗ್ಲಿಷಿನವರು ಅಂಥದ್ದನ್ನೆಲ್ಲ ಕೇಳುವುದಿಲ್ಲ” ಎಂದು ಪಾಠ ಮುಂದುವರಿಸಿದರು.

ಅದೇ ವರ್ಷ ನನ್ನ ಜೊತೆಗಾರನ ಭಾವ ಗಲ್ಫಿನಿಂದ ತಂದ ಕ್ಯಾಸೆಟ್ಟುಗಳಲ್ಲಿ ಈ ಧಾರಾವಾಹಿ ಇತ್ತು. ಮೊದಲ ಕಂತಿನಲ್ಲೇ ನಾನು ಸೋತೆ. ಏನು ಕೇಳಿದರೂ ಹುವಾನ್ ತನ್ನ ಸ್ಪ್ಯಾನಿಷಿನಲ್ಲಿ ‘ಪೊರ್ ಫವೊರ್?’ (ದಯವಿಟ್ಟು?) ಎಂದು ಕತ್ತು ಚಾಚುತ್ತಾನೆ. ಕೇಳಿದ್ದು ಅರ್ಥವಾಗದೆ, ಅರ್ಥವಾಗಲಿಲ್ಲ ಎಂದು ಹೇಳಲೂ ಬಾರದೆ, ಮುಖದಲ್ಲಿ ವಿನಯವನ್ನಷ್ಟೇ ತುಂಬಿಕೊಂಡು ಕುಳಿತವನ ಕಷ್ಟ ನನಗೆ ಚೆನ್ನಾಗಿ ಗೊತ್ತಿತ್ತು. ಬ್ರೌನ್ ಅವನ ಮೇಲೆ ಕೂಗಾಡುವುದಿಲ್ಲ, ನಿಟ್ಟುಸಿರು ಬಿಟ್ಟು ಮತ್ತೊಮ್ಮೆ ಹೇಳುತ್ತಾನೆ. ಅಂಥ ಮೇಷ್ಟರು ನಮಗೆ ಯಾರಿಗೆ ಸಿಕ್ಕಿದ್ದರು? ಭಾರತ, ಪಾಕಿಸ್ತಾನ, ಶ್ರೀಲಂಕಾಗಳಲ್ಲಿ ಈ ಧಾರಾವಾಹಿಯ ಮೇಲೆ ಇಂದಿಗೂ ಇರುವ ಪ್ರೀತಿಗೆ ಕಾರಣ ಇದೇ ಎಂದುಕೊಂಡಿದ್ದೇನೆ. ಬಿಳಿಯರು ನಮ್ಮನ್ನು ನೋಡಿ ನಗುತ್ತಿದ್ದಾರೆ ಎಂಬುದು ನಮ್ಮ ಗಮನಕ್ಕೇ ಬರಲಿಲ್ಲ. ನಾವು ಆ ಬೆಂಚಿನ ಮೇಲೆ ಕುಳಿತುಬಿಟ್ಟಿದ್ದೆವು.

ಇನ್ನು ತಲೆ ತಗ್ಗಿಸಿದ ಕಥೆ. 2009ರಲ್ಲಿ ಕಚೇರಿಯ ಕೆಲಸದ ಮೇಲೆ ನಾಲ್ಕು ತಿಂಗಳು ಇಂಗ್ಲೆಂಡಿನಲ್ಲಿದ್ದೆ. ಅಲ್ಲಿ ನಮ್ಮ ತಂಡದಲ್ಲಿ ಒಬ್ಬ ಸರ್ದಾರರಿದ್ದರು. ಹುಟ್ಟಿ ಬೆಳೆದದ್ದು ವುಲ್ವರ್‌ಹ್ಯಾಂಪ್ಟನ್ನಿನಲ್ಲಿ, ನನಗಿಂತ ಏಳೆಂಟು ವರ್ಷ ಹಿರಿಯರು, ಬಹಳ ಸಭ್ಯರು. ಒಂದು ದಿನ ನಾನು ಸಭೆಗೆ ಐದು ನಿಮಿಷ ತಡವಾಗಿ ಬಂದೆ. ಹೊಸ ಊರಿನಲ್ಲಿ ಸಲಿಗೆ ಬೆಳೆಸಬೇಕೆಂಬ ಉತ್ಸಾಹ. ಅವರ ಮುಂದೆ ಕೈಜೋಡಿಸಿ, ರಂಜೀತ್ ಸಿಂಗನ ಧಾಟಿಯಲ್ಲಿ, ‘ಎ ಥೌಸಂಡ್ ಅಪಾಲಜೀಸ್’ ಎಂದೆ. ಅವರು ಕೋಪಿಸಿಕೊಳ್ಳಲಿಲ್ಲ. ಟೀ ಲೋಟದಲ್ಲಿ ಚಮಚವನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತಿರುಗಿಸಿದರು. ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: “ನನಗೆ ಒಂಬತ್ತು ವರ್ಷವಾದಾಗಿನಿಂದ ಹದಿಮೂರರವರೆಗೆ ಶಾಲೆಯಲ್ಲಿ ಅದೇ ನನ್ನ ಹೆಸರಾಗಿತ್ತು.”

ನಾನು ಮತ್ತೆ ಕ್ಷಮೆ ಕೇಳಬೇಕಿತ್ತು. ಆದರೆ ಆ ಪದವನ್ನೇ ಹೇಗೆ ಬಾಯಿಗೆ ತರುವುದು ಎಂದು ತೊದಲಿದೆ. ನನ್ನ ಫಜೀತಿ ನೋಡಿ ಅವರೇ ನಕ್ಕುಬಿಟ್ಟರು.

ಆ ರಾತ್ರಿ ಕೋಣೆಯಲ್ಲಿ ಕುಳಿತು ಆ ಕಾಲದ ಬಗ್ಗೆ ಓದಿದೆ. 1968ರಲ್ಲಿ ವಲಸಿಗರ ವಿರುದ್ಧ ಕುಖ್ಯಾತ ಭಾಷಣ ಮಾಡಿದ ಈನಾಕ್ ಪೊವೆಲ್ ಅದೇ ವುಲ್ವರ್‌ಹ್ಯಾಂಪ್ಟನ್ನಿನ ಸಂಸದ. ಅಲ್ಲಿನ ಸಿಖ್ ಬಸ್ ನೌಕರರು ಪೇಟ ಧರಿಸಿ ಕೆಲಸ ಮಾಡುವ ಹಕ್ಕಿಗಾಗಿ 1967ರಿಂದ 1969ರವರೆಗೆ ಹೋರಾಡಬೇಕಾಯಿತು. 1976ರ ಜೂನಿನಲ್ಲಿ ಲಂಡನ್ನಿನ ಸೌತಾಲ್‌ನಲ್ಲಿ ಗುರ್ದೀಪ್ ಸಿಂಗ್ ಛಗ್ಗರ್ ಎಂಬ ಹದಿನೆಂಟರ ಹುಡುಗನನ್ನು ಬೀದಿಯಲ್ಲಿ ಇರಿದು ಕೊಂದರು. ಅದಾದ ಒಂದೂವರೆ ವರ್ಷಕ್ಕೆ ತೆರೆಯ ಮೇಲೆ ರಂಜೀತ್ ಸಿಂಗ್ ಬಂದು ಕೈಮುಗಿದು ಸಾವಿರ ಕ್ಷಮೆ ಕೇಳಿದ. ನನಗೆ ಟಿ.ವಿ. ಆರಿಸಿದರೆ ನಗು ಮುಗಿಯಿತು. ನನ್ನ ತಂಡದ ಆ ಸರ್ದಾರರು ಆಗ ಒಂಬತ್ತರ ಹುಡುಗ; ಮರುದಿನ ಬೆಳಿಗ್ಗೆ ಚೀಲ ಏರಿಸಿಕೊಂಡು ಶಾಲೆಗೆ ಹೋಗಬೇಕಿತ್ತು.

ಇಷ್ಟಾದರೂ ನೋಡುವುದನ್ನು ಬಿಟ್ಟೆನೇ ಎಂದರೆ, ಇಲ್ಲ. ಆದರೆ ನಗುವ ಜಾಗಗಳು ಬದಲಾದವು.

ಉದಾಹರಣೆಗೆ ತಾರೊ. ಪ್ರತಿ ಇಂಗ್ಲಿಷ್ ಪದದ ಬಾಲಕ್ಕೂ ಅವನು ಒಂದು ‘ಒ’ ಅಂಟಿಸುತ್ತಾನೆ. ಮೊದಲು ಅದಕ್ಕೆ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಾವೆಂದರೆ ಯಾರು? ಬಸ್ಸು, ಕಾರು, ರೋಡು, ಲೈಟು, ಪೆನ್ನು, ಬಲ್ಬು ಎನ್ನುವವರು! ಕನ್ನಡದ ಪದ ವ್ಯಂಜನದಲ್ಲಿ ನಿಲ್ಲಲು ಒಪ್ಪುವುದಿಲ್ಲ. ಕೊನೆಗೊಂದು ಸ್ವರದ ಮಣೆ ಹಾಕಿದರೇನೇ ಕೂರುತ್ತದೆ. ಜಪಾನಿಯೂ ಹೆಚ್ಚುಕಡಿಮೆ ಹಾಗೆಯೇ. ಬೆಡ್ ಅವರಿಗೆ ‘ಬೆಡ್ಡೊ’, ಬಸ್ ‘ಬಸು’. ನಮ್ಮೂರಿನ ನಿಲ್ದಾಣದಲ್ಲಿ ನಿಂತು ಕೂಗಿದರೆ ಕಂಡಕ್ಟರಿಗೆ ಸರಿಯಾಗಿ ಅರ್ಥವಾಗುವ ಉಚ್ಚಾರಣೆ! ಈಗ ತಾರೊ ಬಾಯಿ ತೆರೆದರೆ ದೂರದ ನೆಂಟನನ್ನು ಕಂಡಂತಾಗುತ್ತದೆ. ಆದರೂ ಬರೆದವರಿಗೆ ಇದು ಗೊತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಗುರುತು ಹಿಡಿಯಲು ಒಂದು ಬಾಲ, ಅಷ್ಟೇ.

ನಟರ ವಿಷಯವಂತೂ ಇನ್ನೂ ವಿಚಿತ್ರ. ಸರ್ದಾರನಾಗಿದ್ದ ಆಲ್ಬರ್ಟ್ ಮೋಸೆಸ್ ಶ್ರೀಲಂಕಾದ ಗಂಪೊಲದವರು, ಕ್ರೈಸ್ತರು. ಪಾಕಿಸ್ತಾನದ ಅಲಿಯಾಗಿದ್ದ ಡಿನೊ ಶಫೀಕ್ ಹುಟ್ಟಿದ್ದು ಢಾಕಾದಲ್ಲಿ. ಚೀನಾದ ಸು ಲೀ ಪಾತ್ರದ ಪಿಕ್-ಸೆನ್ ಲಿಮ್ ಮಲೇಷ್ಯಾದ ಪೆನಾಂಗಿನವರು. ಗ್ರೀಕನ ವೇಷದ ಕೆವೊರ್ಕ್ ಮಲಿಕ್ಯಾನ್ ಟರ್ಕಿಯ ಅರ್ಮೇನಿಯನ್. ಇಂಗ್ಲಿಷನ್ನು ನೀರು ಕುಡಿದಂತೆ ಆಡಬಲ್ಲ ಇವರೆಲ್ಲ, ಇಂಗ್ಲಿಷ್ ಬಾರದವರಂತೆ ನಟಿಸಿದರೆ ಮಾತ್ರ ಅಂದಿನ ಬ್ರಿಟಿಷ್ ಟಿ.ವಿ.ಯಲ್ಲಿ ಕೆಲಸ ಸಿಗುತ್ತಿತ್ತು. ಇದು ತಿಳಿದ ಮೇಲೆ ಅವರ ಅಭಿನಯದ ಬಗ್ಗೆ ನನ್ನ ಗೌರವ ಹೆಚ್ಚಿತು, ನಗುವಿಗೆ ಮಾತ್ರ ಸ್ವಲ್ಪ ಹುಳಿ ಹಿಂಡಿದಂತಾಯಿತು. ಬ್ರೌನ್ ಆಗಿದ್ದ ಬ್ಯಾರಿ ಇವಾನ್ಸ್ ಅವರಿಗೂ ಮುಂದೆ ಅವಕಾಶಗಳು ಬರಲಿಲ್ಲ. 1986ರಲ್ಲಿ ಮತ್ತೆ ಹದಿಮೂರು ಕಂತುಗಳನ್ನು ಮಾಡಿದರು. ಅಷ್ಟು ಹೊತ್ತಿಗೆ ಡಿನೊ ಶಫೀಕ್ ತೀರಿಕೊಂಡಿದ್ದರು, ಅಲಿ ಇಲ್ಲದ ಆ ತರಗತಿ ಉಪ್ಪಿಲ್ಲದ ಸಾರು. ಆಮೇಲೆ ಇವಾನ್ಸ್ ಟ್ಯಾಕ್ಸಿ ಓಡಿಸಿ ಜೀವನ ಸಾಗಿಸಿದರು. 1997ರಲ್ಲಿ ತೀರಿಕೊಂಡಾಗ ಅವರಿಗೆ 53 ವರ್ಷ.

ಹಳಸದೆ ಉಳಿದದ್ದು ಏನು ಎಂದು ಕೇಳಿದರೆ ನಾನು ಮೊದಲು ಹೇಳುವುದು ಶಾಲೆಯ ಜವಾನ ಸಿಡ್ನಿಯನ್ನು. ಅಪ್ಪಟ ಲಂಡನ್ನಿಗನಾದ ಅವನು ಆಡುವುದು ಕಾಕ್ನಿ ಪ್ರಾಸದ ಮಾತು. ಆ ಮಾತಿನಲ್ಲಿ ‘ಆಪಲ್ಸ್ ಅಂಡ್ ಪೇರ್ಸ್’ ಎಂದರೆ ಹಣ್ಣಲ್ಲ, ‘ಪೇರ್ಸ್’ಗೆ ಪ್ರಾಸವಾಗುವ ‘ಸ್ಟೇರ್ಸ್’, ಅಂದರೆ ಮೆಟ್ಟಿಲು! ಪಾಪ, ಈ ಪರದೇಶಿಗಳು ಒಳಗೆ ಕುಳಿತು ವ್ಯಾಕರಣ ಕಲಿಯುತ್ತಾರೆ. ಹೊರಗೆ ಕಾರಿಡಾರಿನಲ್ಲಿ ಸಿಗುವ ಮೊದಲ ಇಂಗ್ಲಿಷಿನವನ ಒಂದು ಮಾತೂ ಆ ವ್ಯಾಕರಣಕ್ಕೆ ಸಿಕ್ಕುವುದಿಲ್ಲ. ಅಲ್ಲೊಂದು ಕಡೆ ಮಾತ್ರ ಪೇಚಿಗೆ ಸಿಲುಕುವುದು ಇಂಗ್ಲಿಷ್ ಭಾಷೆಯೇ, ಕಲಿಯುವವರಲ್ಲ. ಉಳಿದ ಕಡೆ ‘ಎಷ್ಟನೆಯ ಮಗ’ನಂಥ ಪ್ರಶ್ನೆಯನ್ನು ಆ ತರಗತಿಯಲ್ಲಿ ಯಾರೂ ಕೇಳುವುದೇ ಇಲ್ಲ. ಬ್ರೌನ್ ಒಮ್ಮೆಯೂ ಬೋರ್ಡಿನ ಮುಂದೆ ಕೈಚೆಲ್ಲಿ ನಿಲ್ಲುವುದಿಲ್ಲ. ಆ ಧಾರಾವಾಹಿಯ ನಿಜವಾದ ಕೊರತೆ ನನಗೆ ಕಾಣುವುದು ಇಲ್ಲಿ.

ನಾವು ಅವರನ್ನು ದೂರುವ ಮೊದಲು ನಮ್ಮ ಕಡೆಯೂ ನೋಡಬೇಕು. 1993ರಲ್ಲಿ ಹಿಂದಿಯಲ್ಲಿ ‘ಜಬಾನ್ ಸಂಭಾಲ್ ಕೇ’ ಬಂತು. ಅದೇ ತರಗತಿ, ಕಲಿಸುವುದು ಹಿಂದಿ, ಮೇಷ್ಟರು ಪಂಕಜ್ ಕಪೂರ್. ಅದನ್ನು ಬೆಂಗಳೂರಿನ ಸೋದರಮಾವನ ಮನೆಯಲ್ಲಿ ನೋಡಿದ್ದೆ. ಉಳಿದವರ ಸರದಿ ಬಂದಾಗಲೆಲ್ಲ ತೊಡೆ ತಟ್ಟಿ ನಗುತ್ತಿದ್ದ ಮಾವ, ದಕ್ಷಿಣ ಭಾರತದವನ ಸರದಿ ಬಂದಾಗ ಮಾತ್ರ ಪೇಪರ್ ಕೈಗೆತ್ತಿಕೊಂಡು, “ನಮ್ಮವರು ಯಾರು ಹೀಗೆ ಮಾತನಾಡುತ್ತಾರೆ?” ಎನ್ನುತ್ತಿದ್ದರು. ಕನ್ನಡದ ಹಾಸ್ಯವೇನು ಕಡಿಮೆಯೇ? ನನ್ನ ಹೆಂಡತಿ ಪುತ್ತೂರಿನವಳು. ಟಿ.ವಿ.ಯಲ್ಲಿ ಯಾರಾದರೂ ‘ಎಂತ ಮಾರಾಯ್ರೆ’ ಎಂದ ಕೂಡಲೇ ನಮ್ಮ ಮನೆಯಲ್ಲಿ ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅವಳೂ ನಕ್ಕಳು. ಹತ್ತು ವರ್ಷದ ಮೇಲೆ ಒಂದು ದಿನ, “ಆ ಪಾತ್ರಕ್ಕೆ ಅದೊಂದು ಮಾತು ಬಿಟ್ಟು ಬೇರೆ ಏನಾದರೂ ಇದೆಯಾ ನೋಡಿ” ಎಂದಳು. ನೋಡಿದೆ. ಇರಲಿಲ್ಲ.

ಹೋದ ದಸರಾ ರಜೆಯಲ್ಲಿ ಪಿಯುಸಿ ಓದುವ ಮಗಳ ಜೊತೆ ಕುಳಿತು ಕೆಲವು ಕಂತುಗಳನ್ನು ನೋಡಿದೆ. ರಂಜೀತನೂ ಅಲಿಯೂ ಧರ್ಮದ ಹೆಸರಿನಲ್ಲಿ ಜಗಳಕ್ಕೆ ನಿಂತಾಗ ಅವಳು ರೇಗುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಅದು ವಾರ್ತೆಗಳಲ್ಲಿ ಬರುವುದಕ್ಕಿಂತ ಎಷ್ಟೋ ವಾಸಿ ಎನಿಸಿತಂತೆ. ಅವಳು ರೇಗಿದ್ದು ಡ್ಯಾನಿಯೆಲ್ ಪಾತ್ರಕ್ಕೆ. “ಅಪ್ಪ, ಈ ಹುಡುಗಿಗೆ ಮೇಷ್ಟರ ಮುಂದೆ ವಯ್ಯಾರ ಮಾಡುವುದು ಬಿಟ್ಟು ಬೇರೆ ಕೆಲಸವೇ ಕೊಟ್ಟಿಲ್ಲವಲ್ಲ! ಇವಳು ಇಂಗ್ಲಿಷ್ ಕಲಿಯಲು ಬಂದವಳಲ್ಲವೇ?” ಇಪ್ಪತ್ತೈದು ವರ್ಷ ನೋಡಿಯೂ ನನಗೆ ಅದು ಹೊಳೆದಿರಲಿಲ್ಲ. ಮೂರನೆಯ ಕಂತಿನ ಹೊತ್ತಿಗೆ ಅವಳೂ ಹುವಾನನ ಅಭಿಮಾನಿಯಾದಳು ಎನ್ನುವುದು ಬೇರೆ ಮಾತು. ಕಾಫಿ ತರಲು ಹೇಳಿದರೆ ‘ಪೊರ್ ಫವೊರ್?’ ಎಂದು ಕತ್ತು ಚಾಚುತ್ತಾಳೆ.

ತಾರೊನ ‘ಒ’ ಮತ್ತು ನಮ್ಮ ‘ಉ’ ಬಗ್ಗೆ ಹೇಳಿದಾಗ ಅವಳು ನಂಬಲಿಲ್ಲ. ನಾನು ಬಸ್ ಎಂದೇ ಹೇಳುತ್ತೇನೆ, ಬಸ್ಸು ಎನ್ನುವುದಿಲ್ಲ ಎಂದು ವಾದಿಸಿದಳು. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಒಳಗೆ ಅವರೆಕಾಳು ಬಿಡಿಸುತ್ತ ಕುಳಿತಿದ್ದ ನನ್ನ ತಾಯಿಯ ಹತ್ತಿರ ಹೋಗಿ, “ಅಜ್ಜಿ, ಅರಸೀಕೆರೆಗೆ ಯಾವುದರಲ್ಲಿ ಹೋಗುತ್ತೀರಿ?” ಎಂದು ಕೇಳಿದಳು.

“ಟ್ರೈನು” ಎಂದರು ಅಜ್ಜಿ. “ಯಾಕೆ, ಟಿಕೆಟ್ಟು ತೆಗೆದೆಯಾ?”